ಕರಿಕಲ್ಲು ಕರಿಯಾಗಿಯೇ ಇರಲಿ

ಕಳೆದ ಕಾರ್ತಿಕ ಹುಣ್ಣಿಮೆಯ ರಾತ್ರಿ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ನನ್ನ ಅಕ್ಕನ ಮಗ ನನ್ನ ಹೆಗಲ ಮೇಲಿನ ಚೀಲ ನೋಡಿ ನಕ್ಕ. "ಮಾಮಾ, ಇಷ್ಟ ವಜ್ಜ ಯಾಕ ಹೊತಗೊಂಡ ಬಂದೀರಿ? ನನ್ನ ಕಿಸೇದಾಗಿಂದು ಸಾಕಾಗಂಗಿಲ್ಲೇನು?" ಅಂದ. ನಾನು ಟ್ರೈಪಾಡಿನ ಕಾಲು ಬಿಚ್ಚುತ್ತಿದ್ದೆ, ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಅವನು ಸ್ವರ್ಗಮಂಟಪದ ಕಲ್ಲುನೆಲದ ಮೇಲೆ ಅಂಗಾತ ಮಲಗಿ, ಮೇಲಿನ ದುಂಡು ಕಿಂಡಿಗೆ ಫೋನು ಹಿಡಿದು, ಎರಡು ಸಲ ಒತ್ತಿ ಎದ್ದೂಬಿಟ್ಟ.

ಆ ಮಂಟಪ ನೋಡದವರಿಗೆ ಒಂದು ಮಾತು. ನಮ್ಮ ಶಿರೋಳ ತಾಲೂಕಿನ ತುದಿಯಲ್ಲಿ, ಕೃಷ್ಣೆಯ ದಂಡೆಗೆ ಇದೆ ಈ ಗುಡಿ. ಶಿಲಾಹಾರರ ಕಾಲದ್ದು, ಆಮೇಲೆ ಯಾದವರ ಕೈಯೂ ಸೇರಿದ್ದು. ಸ್ವರ್ಗಮಂಟಪದಲ್ಲಿ 48 ಕಂಬ, ನಡುವೆ ಛಾವಣಿಯೇ ಇಲ್ಲದ ದುಂಡು ಬಯಲು. ಕಾರ್ತಿಕ ಹುಣ್ಣಿಮೆಯ ನಡುರಾತ್ರಿಗೆ ಚಂದ್ರ ಬಂದು ಆ ಬಯಲಿನ ನೆತ್ತಿಗೆ ನಿಲ್ಲುತ್ತಾನೆ. ಶಿವನ ಗುಡಿಯಾದರೂ ಇಲ್ಲಿ ನಂದಿಯಿಲ್ಲ. ನಂದಿ ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿದ್ದಾನೆ ಎನ್ನುತ್ತಾರೆ. ದೇವರು ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ. ದಾನೋಳಿಯ ನಮ್ಮ ಮನೆಯ ಮಾತು ಕನ್ನಡ, ಬಜಾರಿನ ಮಾತು ಮರಾಠಿ. ಹಾಗಾಗಿ ಈ ಏರ್ಪಾಡು ನಮಗೇನೂ ವಿಚಿತ್ರವೆನಿಸುವುದಿಲ್ಲ.

ಅಳಿಯನ ಚಿತ್ರ ನೋಡಿದೆ. ಕಂಬಗಳೆಲ್ಲ ನಿಚ್ಚಳ. ಕಂಬದ ತಲೆಯ ಕೆತ್ತನೆ ನಿಚ್ಚಳ. ನಡುವೆ ಚಂದ್ರ, ಅದರೊಳಗೆ ಕಲೆಗಳೂ ನಿಚ್ಚಳ. ನನ್ನ ಕ್ಯಾಮೆರಾದಲ್ಲಿ ಬಂದದ್ದು ಹೀಗೆ: ಚಂದ್ರನಿಗೆ ಲೆಕ್ಕ ಹಾಕಿ ತೆಗೆದರೆ ಕಂಬಗಳು ಕಾಡಿಗೆಯಲ್ಲಿ ಮುಳುಗಿದವು, ಕಂಬಕ್ಕೆ ಲೆಕ್ಕ ಹಾಕಿದರೆ ಚಂದ್ರ ಸುಣ್ಣದ ಚುಕ್ಕೆಯಾದ. ಹುಣ್ಣಿಮೆಯ ಚಂದ್ರ ಎಂದರೆ ಬಿಸಿಲಿಗೆ ಒಡ್ಡಿದ ಬಂಡೆ. ಐಎಸ್‌ಒ 100, ಎಫ್11 ಇಟ್ಟರೆ ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು. ಅದೇ ಅಳತೆಗೆ ಮಂಟಪದ ಕಂಬಕ್ಕೆ ನಿಮಿಷಗಟ್ಟಲೆ ಬೇಕು. ಎರಡನ್ನೂ ಒಂದೇ ಒತ್ತಿನಲ್ಲಿ ಹಿಡಿಯುವುದು ನನ್ನ ಕ್ಯಾಮೆರಾದ ಸೆನ್ಸರಿಗೂ ಆಗದು, ಫೋನಿನದಕ್ಕೂ ಆಗದು. ಹಾಗಾದರೆ ಅಳಿಯನ ಫೋನು ಹಿಡಿದದ್ದೇನು?

ಅದು ಒಂದು ಚಿತ್ರ ತೆಗೆದಿರಲಿಲ್ಲ. ಒಂದು ಒತ್ತಿಗೆ ಹಲವು ಚಿತ್ರ ತೆಗೆದು, ಕತ್ತಲಿದ್ದ ಕಡೆ ಒಂದರಿಂದ, ಬೆಳಕಿದ್ದ ಕಡೆ ಇನ್ನೊಂದರಿಂದ ಆರಿಸಿ ಹೊಲಿದಿತ್ತು. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ 'ನೈಟ್ ಸೈಟ್' ತಂದ ಮೇಲೆ ಕತ್ತಲಲ್ಲಿ ಮಾಡುವ ಇಂಥ ಹೊಲಿಗೆ ಹೆಚ್ಚಿನ ಕಂಪನಿಗಳಿಗೂ ಹಬ್ಬಿದೆ. ಚಂದ್ರನ ವಿಷಯದಲ್ಲಂತೂ ಕತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2023ರ ಮಾರ್ಚಿನಲ್ಲಿ ಒಬ್ಬಾತ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದ. ಪರದೆಯ ಮೇಲಿಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಬಂದವು. ಚಂದ್ರನನ್ನು ಗುರುತು ಹಿಡಿದು ವಿವರ ಸ್ಪಷ್ಟಗೊಳಿಸುವ ತಂತ್ರಾಂಶ ತನ್ನ ಫೋನಿನಲ್ಲಿದೆಯೆಂದು ಕಂಪನಿಯೂ ವಿವರಣೆ ಕೊಟ್ಟಿತು. ಬೇಡವಾದರೆ ಅದನ್ನು ಆರಿಸಿಡಬಹುದು ಎಂದೂ ಹೇಳಿತು. ಆರಿಸಿಡುವವರು ಎಷ್ಟು ಮಂದಿಯೋ!

ನನ್ನ ಕಸುಬಿನ ಬಗ್ಗೆ ಇಲ್ಲಿ ಹೇಳಬೇಕು. ಇಚಲಕರಂಜಿಯ ಮಗ್ಗದ ಕಾರ್ಖಾನೆಗಳಲ್ಲಿ ಇಪ್ಪತ್ತಾರು ವರ್ಷ ದಿವಾಣಜಿ ಕೆಲಸ ಮಾಡಿದ್ದೇನೆ. ಲೆಕ್ಕದ ಜೊತೆಗೆ ತಾಗಾ, ಅಂದರೆ ಮಗ್ಗದಿಂದ ಇಳಿದ ಬಟ್ಟೆ, ನೋಡುವುದೂ ನನ್ನ ಪಾಲಿಗಿತ್ತು. ಮಡಚುವ ಸಣ್ಣ ಭೂತಗನ್ನಡಿಯನ್ನು ಬಟ್ಟೆಯ ಮೇಲಿಟ್ಟು ಇಂಚಿಗೆ ಎಷ್ಟು ಹೊಕ್ಕು ಬಿದ್ದಿದೆ ಎಂದು ಎಣಿಸುವುದು. ಕೂಲಿ ಲೆಕ್ಕವಾಗುವುದೇ ಅದರ ಮೇಲೆ, ಒಂದು ಹೊಕ್ಕಿಗೆ, ಅಂದರೆ ಪಿಕ್ಕಿಗೆ, ಇಷ್ಟು ಪೈಸೆ ಎಂದು. ಎಳೆ ತಪ್ಪಿದ ಕಡೆ ಗಂಜಿ ಬಳಿದು ಮುಚ್ಚಿದರೆ ದೂರದಿಂದ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಒಂದು ಒಗೆತಕ್ಕೆ ಹೂರಣ ಹೊರಗೆ. ಹಾಗಾಗಿ ಅತಿ ನುಣುಪಾದದ್ದು ಕಂಡರೆ ನನ್ನ ಬೆರಳು ತಾನಾಗಿ ಅದನ್ನು ತಿಕ್ಕಿ ನೋಡಲು ಹೋಗುತ್ತದೆ. ಅಳಿಯನ ಚಿತ್ರವನ್ನೂ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕಂಬದ ಕಲ್ಲಿಗೆ ಕಲ್ಲಿನ ತರಿಯೇ ಇರಲಿಲ್ಲ, ಮೇಣ ಸವರಿದಂತಿತ್ತು.

ಇದರಲ್ಲಿ ಫೋನಿನ ತಪ್ಪೇನೂ ಇಲ್ಲ. ಅದರ ಸೆನ್ಸರು ಇರುವುದೇ ಅಷ್ಟು. ಅರ್ಧ ಇಂಚು ಎಂದು ಕರೆಯುವ ಫೋನಿನ ಸೆನ್ಸರು ಸುಮಾರು 6.4 ಮಿಲಿಮೀಟರ್ ಅಗಲ, 4.8 ಎತ್ತರ. ನನ್ನ ಹಳೇ ಡಿಎಸ್‌ಎಲ್‌ಆರ್‌ನದ್ದು 23.5 ಅಗಲ, 15.6 ಎತ್ತರ. ಗುಣಿಸಿದರೆ ಹನ್ನೆರಡು ಪಟ್ಟು ದೊಡ್ಡದು. ಅಂಗಳದಲ್ಲಿ ಅಗಲದ ಪರಾತವನ್ನೂ ಸಣ್ಣ ವಾಟಿಯನ್ನೂ ಒಂದೇ ಮಳೆಗೆ ಇಟ್ಟ ಹಾಗೆ. ಈಗ ಕೆಲವು ದುಬಾರಿ ಫೋನುಗಳಲ್ಲಿ ಒಂದಿಂಚಿನ ಸೆನ್ಸರು ಬಂದಿದೆ, ಅಲ್ಲಿ ಅಂತರ ಮೂರು ಪಟ್ಟಿಗೆ ಇಳಿಯುತ್ತದೆ. ಉಳಿದ ಕೊರತೆಯನ್ನು ಲೆಕ್ಕಾಚಾರದಿಂದ ತುಂಬಿಸುತ್ತಾರೆ. ತುಂಬಿಸಿದ್ದು ಎಷ್ಟೋ ಸಲ ನಿಜಕ್ಕೂ ಚೆನ್ನಾಗಿರುತ್ತದೆ, ನಾನೇ ಮರುಳಾಗಿದ್ದೇನೆ.

ನನ್ನ ತಕರಾರು ಬೇರೆ ಕಡೆ ಇದೆ. ದಾನೋಳಿಯಿಂದ ಹೊರಟರೆ ಒಂದು ದಿಕ್ಕಿಗೆ ಕುಂಭೋಜದ ಬಾಹುಬಲಿ, 28 ಅಡಿಯ ಬಿಳಿ ಅಮೃತಶಿಲೆ. ಇನ್ನೊಂದು ದಿಕ್ಕಿಗೆ ಖಿದ್ರಾಪುರ, ಕರಿಕಲ್ಲು. ಚಿತ್ರ ತೆಗೆಯಲು ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗಲಿಕ್ಕಿಲ್ಲ. ಕ್ಯಾಮೆರಾ ಕೊಂಡ ಹೊಸದರಲ್ಲಿ ಬಾಹುಬಲಿಯ ಚಿತ್ರ ತೆಗೆದರೆ ಸ್ವಾಮಿ ಸಿಮೆಂಟಿನಂತೆ ಬೂದಿ ಬಣ್ಣಕ್ಕೆ ಬಂದ. ಖಿದ್ರಾಪುರಕ್ಕೆ ಹೋದರೆ ಅಲ್ಲಿನ ಗೋಡೆಯ ಕಲ್ಲಾನೆಗಳೂ ಅದೇ ಬೂದಿ. ಬಿಳಿಯದೂ ಬೂದಿ, ಕರಿಯದೂ ಬೂದಿ! ಮಾಲು ಕೆಟ್ಟದ್ದು ಸಿಕ್ಕಿತೆಂದು ಮಾರಿದವನಿಗೆ ಫೋನು ಮಾಡಿ ಜಗಳವಾಡಲು ಹೊರಟಿದ್ದೆ.

ಕೆಟ್ಟದ್ದು ನನ್ನ ತಿಳಿವಳಿಕೆ. ಕ್ಯಾಮೆರಾದೊಳಗಿನ ಮೀಟರಿಗೆ ಎದುರಿಗಿರುವುದು ಅಮೃತಶಿಲೆಯೋ ಕರಿಕಲ್ಲೋ ಗೊತ್ತಾಗದು. ಜಗತ್ತು ಸರಾಸರಿಯಲ್ಲಿ ನಡುಬೂದಿ ಎಂದು ನಂಬಿಕೊಂಡು ಅದು ಲೆಕ್ಕ ಹಾಕುತ್ತದೆ. ಬಿಳಿ ಬಿಳಿಯಾಗಿ ಬರಬೇಕಾದರೆ ನಾನು ಒಂದು ಸ್ಟಾಪು, ಅಂದರೆ ಎರಡು ಪಟ್ಟು, ಬೆಳಕು ಏರಿಸಬೇಕು, ಕರಿಯದು ಕರಿಯಾಗಿ ಬರಬೇಕಾದರೆ ಒಂದು ಒಂದೂವರೆ ಸ್ಟಾಪು ಇಳಿಸಬೇಕು. ಇಷ್ಟು ತಿಳಿಯಲು ನನಗೆ ಎರಡು ತಿಂಗಳ ಭಾನುವಾರಗಳು ಹಿಡಿದವು. ತಿಳಿದ ದಿನದಿಂದ ಬೆಳಕು ನೋಡುವ ರೀತಿಯೇ ಬದಲಾಯಿತು. ಈಗ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತರೂ, ವಾರಣೆಯ ದಂಡೆಗೆ ಹೋದರೂ, ಇಲ್ಲಿ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಕೈಯಲ್ಲಿ ಕ್ಯಾಮೆರಾ ಇರಲಿ ಬಿಡಲಿ.

ಅದೇ ಬಾಹುಬಲಿಯನ್ನು ನನ್ನ ಅಳಿಯ ಫೋನಿನಲ್ಲಿ ತೆಗೆದಾಗ ಮೊದಲ ಸಲಕ್ಕೇ ಬೆಳ್ಳಗೆ ಬಂದ. ಆಕಾಶ ನೀಲಿ, ಮೆಟ್ಟಿಲ ಮೇಲಿನ ಜನರ ಮುಖವೂ ಸ್ಪಷ್ಟ. ನನ್ನ ಮೊದಲ ಇಪ್ಪತ್ತು ಚಿತ್ರಗಳಿಗಿಂತ ಅವನದೇ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಅದು ಯಾಕೆ ಬೆಳ್ಳಗೆ ಬಂತೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗುವ ಸಂದರ್ಭವೂ ಬರುವುದಿಲ್ಲ, ಏಕೆಂದರೆ ಅವನ ಫೋನು ಅವನಿಗೆ ತಪ್ಪು ಮಾಡಲು ಬಿಡುವುದೇ ಇಲ್ಲ. ಖಿದ್ರಾಪುರದಲ್ಲಿ ಈ ಉಪಕಾರವೇ ಅಪಕಾರವಾಗುತ್ತದೆ. ಗೋಡೆಯ ಆನೆಗಳ ಕಾಲ ಸಂದಿಯಲ್ಲಿ, ಮೂರ್ತಿಯ ತೋಳಿನ ಕೆಳಗೆ ನೆರಳು ಕೂರುವಂತೆ ಶಿಲ್ಪಿ ಕೊರೆದಿದ್ದಾನೆ. ಆ ನೆರಳಿಂದಲೇ ಆನೆಗೆ ಮೈ ಬರುವುದು. ಫೋನು ನೆರಳನ್ನು ಕಂಡರೆ ಸಾಕು, ಏನೋ ಕೊರತೆಯಾಯಿತೆಂದು ಅಲ್ಲಿಗೆ ಬೆಳಕು ಸುರಿಯುತ್ತದೆ. ಆನೆ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದಂತಾಗುತ್ತದೆ.

ಫೋನಿನಲ್ಲೂ ಪರದೆ ಒತ್ತಿ ಸೂರ್ಯನ ಗುರುತು ಕೆಳಗೆಳೆದರೆ ಬೆಳಕು ಇಳಿಯುತ್ತದೆ, 'ಪ್ರೊ' ಎಂಬ ವಿಭಾಗವಿದೆ, ಸಂಸ್ಕರಿಸದ ರಾ ಫೈಲು ತೆಗೆಯಬಹುದು. ಇದನ್ನೆಲ್ಲ ಬಲ್ಲೆ, ಮಾಡಿಯೂ ನೋಡಿದ್ದೇನೆ. ಆದರೆ ಅಷ್ಟು ಹೊತ್ತಿಗೆ ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಮೇಲಿಂದ ಬ್ಯಾಂಕಿನ ಮೆಸೇಜು, ಅದರ ಮೇಲೆ ಸೋದರಸೊಸೆಯ ವಿಡಿಯೊ ಕಾಲ್. ಕ್ಯಾಮೆರಾಕ್ಕೆ ಯಾರೂ ಫೋನು ಮಾಡುವುದಿಲ್ಲ. ಅದರ ಅತಿ ದೊಡ್ಡ ಸೌಲಭ್ಯ ಇದೇ ಇರಬೇಕು ಎಂದು ಒಮ್ಮೊಮ್ಮೆ ಅನಿಸುತ್ತದೆ.

ಫೋನಿಗೆ ಸಲ್ಲಬೇಕಾದದ್ದು ಸಲ್ಲಲಿ. 2019ರ ಆಗಸ್ಟಿನ ಮಹಾಪೂರದಲ್ಲಿ ಶಿರೋಳ ತಾಲೂಕಿನ ಊರೂರು ನೀರಲ್ಲಿದ್ದಾಗ ನನ್ನ ಕ್ಯಾಮೆರಾ ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೂತಿತ್ತು. ಹೊಳೆ ದಂಡೆಯ ನೆಂಟರ ಮನೆಯ ಬಿದ್ದ ಗೋಡೆ, ಕೊಳೆತ ಜೋಳದ ಚೀಲ, ಗೊಬ್ಬರದಂತಾದ ಕಬ್ಬು, ಎಲ್ಲವನ್ನೂ ಅವರೇ ಫೋನಿನಲ್ಲಿ ತೆಗೆದಿಟ್ಟರು. ಪಂಚನಾಮೆಗೆ ತೋರಿಸಲು ಅವರ ಕೈಯಲ್ಲಿದ್ದದ್ದು ಆ ಚಿತ್ರಗಳೇ. ಅದೇ ಮನೆಯ ಮದುವೆಯ ಆಲ್ಬಮ್ಮು ನೀರು ಕುಡಿದು ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗಿತ್ತು. ಬಟ್ಟೆಯ ವ್ಯವಹಾರದಲ್ಲೂ ಅಷ್ಟೇ, ತುಂಡಿನ ಚಿತ್ರ ಫೋನಿನಿಂದ ಕ್ಷಣದಲ್ಲಿ ವ್ಯಾಪಾರಿಗೆ ಹೋಗುತ್ತದೆ. ನಾನು ಶೋಕಿಗೆ ಒಮ್ಮೆ ಡಿಎಸ್‌ಎಲ್‌ಆರ್‌ನಲ್ಲಿ ತಾಗಾದ ಚಿತ್ರ ತೆಗೆದು ಕಳಿಸಿದೆ. ನೇಯ್ಗೆಯ ಗೆರೆಗೂ ಸೆನ್ಸರಿನ ಗೆರೆಗೂ ತಿಕ್ಕಾಟವಾಗಿ ಬಿಳಿ ಬಟ್ಟೆಯ ಮೇಲೆ ಕಾಮನಬಿಲ್ಲು ಎದ್ದಿತು. "ಇದ್ಯಾವ ಡಿಜೈನು, ನಾ ಹೇಳಿಲ್ಲಲ್ಲ" ಎಂದು ವ್ಯಾಪಾರಿ ಕೇಳಿದ. ಅಂದಿನಿಂದ ಕಾರ್ಖಾನೆಯೊಳಗೆ ಕ್ಯಾಮೆರಾ ಒಯ್ದಿಲ್ಲ.

ಮಾರುಕಟ್ಟೆಯೂ ತೀರ್ಪು ಕೊಟ್ಟಾಗಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಜಗತ್ತಿಗೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಹೋಗಿದ್ದವು. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಕಿಸೆಯಲ್ಲಿಡುವ ಸಣ್ಣ ಕ್ಯಾಮೆರಾಗಳನ್ನು ಫೋನು ನುಂಗಿ ನೀರು ಕುಡಿಯಿತು. ಮದುವೆಗೆ ಬರುವ ಫೋಟೊಗ್ರಾಫರ್ ಮಾತ್ರ ಇಂದಿಗೂ ಎರಡೆರಡು ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಬರುತ್ತಾನೆ. ಅವನಿಗದು ಹೊಟ್ಟೆಪಾಡು. ನನ್ನಂಥ ಹವ್ಯಾಸಿಯ ಪ್ರಶ್ನೆ ಬೇರೆ: ಯಾರೂ ಕೇಳದ, ದುಡ್ಡೂ ಬಾರದ ಚಿತ್ರಕ್ಕೆ ಇಷ್ಟು ಭಾರ ಯಾಕೆ ಹೊರಬೇಕು?

ಈ ಪ್ರಶ್ನೆಗೆ ಕೊಲ್ಹಾಪುರದಲ್ಲಿ ಹಳೆಯ ಉತ್ತರವೊಂದಿದೆ. ನೂರು ವರ್ಷದ ಹಿಂದೆ ಬಾಬುರಾವ್ ಪೇಂಟರ್ ಸಿನಿಮಾ ಮಾಡಲು ಹೊರಟರು. ನಾಟಕದ ಪರದೆ ಬರೆಯುವ ಚಿತ್ರಕಾರ ಅವರು. ಸಂಗಡಿಗರೊಂದಿಗೆ ಸೇರಿ ಕ್ಯಾಮೆರಾವನ್ನು ತಾವೇ ಕೂಡಿಸಿದರು. ಅದರಿಂದ ತೆಗೆದ 'ಸೈರಂಧ್ರಿ' 1920ರಲ್ಲಿ ತೆರೆ ಕಂಡಿತು. ಮುಂದೆ ದೊಡ್ಡ ನಿರ್ದೇಶಕರಾದ ವಿ. ಶಾಂತಾರಾಮ್ ಕೆಲಸ ಕಲಿತದ್ದು ಇದೇ ಬಾಬುರಾವ್ ಅವರ ಕಂಪನಿಯಲ್ಲಿ. ಬಾಬುರಾವ್ ಅವರ ಚಿತ್ರಗಳಲ್ಲಿ ಬೆಳಕು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ತೀರ್ಮಾನಿಸುತ್ತಿದ್ದವರು ಅವರೇ. ಆ ತೀರ್ಮಾನದ ಸುಖ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ. ನಾನು ಭಾರ ಹೊರುವುದು ಅದಕ್ಕೆ.

ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ. ಮೊಮ್ಮಗನ ಹುಟ್ಟುಹಬ್ಬಕ್ಕೆ, ನರಸೋಬಾವಾಡಿಯ ಯಾತ್ರೆಗೆ ಕ್ಯಾಮೆರಾ ಕೊಳ್ಳಬೇಡಿ, ದುಡ್ಡು ದಂಡ. ಫೋನಿನ ಚಿತ್ರ ನೋಡಿ "ನಾ ಕಂಡದ್ದು ಹೀಗಿರಲಿಲ್ಲವಲ್ಲ" ಎಂದು ಮೂರು ನಾಲ್ಕು ಸಲ ಕಿರಿಕಿರಿಯಾಗಿದ್ದರೆ ಮಾತ್ರ ಅಂಗಡಿಗೆ ಹೋಗಿ. ಹೋದರೂ ಹೊಸದು ಬೇಡ. ನನ್ನದು ಸೆಕೆಂಡ್ ಹ್ಯಾಂಡ್, ಕಿಟ್ ಲೆನ್ಸಿನೊಂದಿಗೆ ಹದಿನೆಂಟು ಸಾವಿರಕ್ಕೆ ತಂದದ್ದು. ಆಮೇಲೆ ಎಫ್1.8ರ 50 ಎಂಎಂ ಲೆನ್ಸೊಂದನ್ನು ಐದೂವರೆ ಸಾವಿರಕ್ಕೆ ಕೊಂಡೆ. ಕೊಳ್ಳುವಾಗ ಲೆನ್ಸನ್ನು ದೀಪಕ್ಕೆ ಹಿಡಿದು ಒಳಗೆ ಬೂಷ್ಟು ಇದೆಯೇ ನೋಡಿ. ನಮ್ಮ ಹೊಳೆಸಾಲಿನ ತೇವಕ್ಕೆ ಜೇಡರ ಬಲೆಯಂತೆ ಹಬ್ಬಿರುತ್ತದೆ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಗಳೊಂದಿಗೆ ಇಡಿ. ನನ್ನದು ಇರುವುದು ಹೆಂಡತಿಯ ಶೇಂಗಾ ಚಟ್ನಿಯ ಹಳೇ ಡಬ್ಬಿಯಲ್ಲಿ, ಎಷ್ಟು ತೊಳೆದರೂ ಬೆಳ್ಳುಳ್ಳಿ ವಾಸನೆ ಹೋಗಿಲ್ಲ.

ಆ ರಾತ್ರಿ ತೆಗೆದದ್ದರಲ್ಲಿ ಕೊನೆಗೆ ನಾನು ಉಳಿಸಿಕೊಂಡದ್ದು ಒಂದೇ ಚಿತ್ರ. ಚಂದ್ರನಿಗೆ ಲೆಕ್ಕ ಹಾಕಿ, ಕಂಬಗಳನ್ನು ಕತ್ತಲಿಗೇ ಬಿಟ್ಟೆ. ಕಿಂಡಿಯ ದುಂಡು ಅಂಚು ಮಾತ್ರ ಎಳೆಯಷ್ಟು ಹೊಳೆದಿದೆ. ಅಳಿಯ ನೋಡಿ, "ಏನೂ ಕಾಣಂಗಿಲ್ಲಲ್ಲ ಮಾಮಾ" ಅಂದ. ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೊಮ್ಮೆ ಇಸಿದುಕೊಂಡು ನೋಡಿದ.

ಬರುವ ಕಾರ್ತಿಕ ಹುಣ್ಣಿಮೆಗೆ ನೀವೂ ಖಿದ್ರಾಪುರಕ್ಕೆ ಬನ್ನಿ. ಫೋನು ತನ್ನಿ, ಕ್ಯಾಮೆರಾ ತನ್ನಿ, ಬರಿಗೈಯಲ್ಲಾದರೂ ಬನ್ನಿ. ಚಂದ್ರ ನೆತ್ತಿಗೆ ಬರುವ ಆ ಹೊತ್ತಿಗೆ ಮಾತ್ರ ಫೋನಿನ ಟಾರ್ಚು ಆರಿಸಿಡಿ. ಕಳೆದ ಸಲ ಮಂಟಪದಲ್ಲಿ ಅಂಥ ಮೂವತ್ತು ನಲವತ್ತು ಟಾರ್ಚು ಉರಿಯುತ್ತಿದ್ದವು.