ಅಳಿಸಿಹೋದ ಸರಿಯುತ್ತರ

ದೀಪ ಹೊತ್ತಿಸುವ ಹೊತ್ತು. ನಡುಮನೆಯಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಗಣಿತದ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದಾಳೆ. ಲೆಕ್ಕ ಮುಗಿದಿದೆ, ಉತ್ತರವೂ ಬಂದಿದೆ. ಪುಸ್ತಕದ ಕೊನೆಯ ಪುಟಗಳನ್ನು ತಿರುವಿ ನೋಡುತ್ತಾಳೆ, ಮುಖ ಬಾಡುತ್ತದೆ. ಅಲ್ಲಿ ಅಚ್ಚಾಗಿರುವ ಉತ್ತರವೇ ಬೇರೆ. ಮರುಕ್ಷಣ ರಬ್ಬರು ಕೈಗೆ ಬರುತ್ತದೆ. ತಾನು ಬರೆದದ್ದು ಅಳಿಸಿಹೋಗಿ, ಪುಸ್ತಕದ ಉತ್ತರ ಆ ಜಾಗದಲ್ಲಿ ಬಂದು ಕೂರುತ್ತದೆ.

ಮಕ್ಕಳಿರುವ ಯಾವ ಮನೆಗೂ ಈ ದೃಶ್ಯ ಹೊಸದಲ್ಲ. ಆದರೆ ಅಳಿಸಿಹೋದದ್ದೇ ಸರಿಯುತ್ತರವಾಗಿದ್ದರೆ?

ಲೆಕ್ಕ ದೊಡ್ಡದೇನಲ್ಲ. 3ಎಕ್ಸ್ − 4ವೈ = 12 ಎಂಬ ಸಮೀಕರಣವನ್ನು 'ವೈ = ಎಂ ಎಕ್ಸ್ + ಸಿ' ಎಂಬ ರೂಪಕ್ಕೆ ತರಬೇಕು. ಈ ರೂಪಕ್ಕೆ ಬಂದ ಕೂಡಲೇ ಸರಳರೇಖೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. 'ಎಂ' ಎಂಬುದು ಅದರ ಇಳಿಜಾರು. 'ಸಿ' ಎಂಬುದು ಅದು ವೈ-ಅಕ್ಷವನ್ನು ಕತ್ತರಿಸುವ ತಾಣ. ಏರುವ ರೇಖೆಯ ಏರನ್ನೂ ಗಣಿತದ ಕನ್ನಡ 'ಇಳಿಜಾರು' ಎಂದೇ ಕರೆಯುವುದು ಒಂದು ಸೋಜಿಗ. ಅಲ್ಲಿ ಏರೋ ಇಳಿವೋ ಎಂಬುದನ್ನು ತೀರ್ಮಾನಿಸುವುದು ಪದವಲ್ಲ, ಅಂಕಿಯ ಮುಂದಿನ ಚಿಹ್ನೆ.

ಹುಡುಗಿ ಕ್ರಮವಾಗಿಯೇ ನಡೆದಿದ್ದಳು. 3ಎಕ್ಸ್ ಅನ್ನು ಬಲಕ್ಕೆ ಕಳುಹಿಸಿದಳು: −4ವೈ = −3ಎಕ್ಸ್ + 12. ಬಳಿಕ ಎಲ್ಲವನ್ನೂ −4ರಿಂದ ಭಾಗಿಸಿದಳು: ವೈ = (3/4)ಎಕ್ಸ್ − 3. ಪುಸ್ತಕ ಹೇಳುವುದು: ವೈ = −(3/4)ಎಕ್ಸ್ + 3. ಒಂದು ರೇಖೆ ಬಲಕ್ಕೆ ಏರುತ್ತದೆ, ಇನ್ನೊಂದು ಇಳಿಯುತ್ತದೆ.

ಜಮಾಖರ್ಚಿನ ಪುಸ್ತಕಗಳ ನಡುವೆಯೇ ನೌಕರಿಯ ದಿನಗಳನ್ನು ಕಳೆದ ತಾತ ಇದನ್ನು ಗಮನಿಸುತ್ತಾರೆ.

"ಏನಮ್ಮ, ಅಂದವಾಗಿ ಬರೆದದ್ದನ್ನು ಏಕೆ ಅಳಿಸಿದೆ?"

"ನನ್ನದು ತಪ್ಪು, ತಾತ. ಪುಸ್ತಕದಲ್ಲಿ ಬೇರೆ ಇದೆ."

"ಪುಸ್ತಕದ ಮಾತಿಗೆ ಸಾಕ್ಷಿ ಯಾರು?"

ಹುಡುಗಿ ತಬ್ಬಿಬ್ಬಾಗುತ್ತಾಳೆ. ಅಚ್ಚಾದ ಮಾತಿಗೂ ಸಾಕ್ಷಿ ಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಜಾಣೆ, ಎಕ್ಸ್‌ನ ಜಾಗದಲ್ಲಿ 4 ಇಟ್ಟು ನೋಡುತ್ತಾಳೆ. ತನ್ನ ಉತ್ತರದಲ್ಲಿ ವೈ ಸೊನ್ನೆ; ಪುಸ್ತಕದ ಉತ್ತರದಲ್ಲೂ ಸೊನ್ನೆ! ಮೂಲ ಸಮೀಕರಣವೂ 12 − 0 = 12 ಎಂದು ಒಪ್ಪುತ್ತದೆ.

"ನೋಡಿ ತಾತ, ಎರಡೂ ಸರಿ!"

"ಒಬ್ಬನೇ ಸಾಕ್ಷಿಯನ್ನು ಕೇಳಿ ತೀರ್ಪು ಕೊಡುತ್ತಾರೆಯೇ? ಒಂದು ಬಿಂದುವಿನ ಮೂಲಕ ಎಷ್ಟು ರೇಖೆ ಬೇಕಾದರೂ ಹೋಗಬಹುದಲ್ಲ. ಇನ್ನೊಂದನ್ನು ಕೇಳು."

ಎಕ್ಸ್‌ಗೆ ಸೊನ್ನೆ ಇಟ್ಟಾಗ ಬಣ್ಣ ಬಯಲಾಗುತ್ತದೆ. ಅವಳ ಉತ್ತರದಲ್ಲಿ ವೈ = −3; ಮೂಲದಲ್ಲಿಟ್ಟರೆ −4 × −3, ಅಂದರೆ 12. ತಾಳೆ ಬಿತ್ತು. ಪುಸ್ತಕದ ಉತ್ತರದಲ್ಲಿ ವೈ = 3; ಮೂಲದಲ್ಲಿಟ್ಟರೆ −12. ತಾಳೆ ಬೀಳಲಿಲ್ಲ. −4ರಿಂದ ಭಾಗಿಸಬೇಕಾದಲ್ಲಿ 4ರಿಂದ ಭಾಗಿಸಿದರೆ ಬರುವ ಉತ್ತರವೇ ಪುಸ್ತಕದಲ್ಲಿ ಅಚ್ಚಾಗಿತ್ತು. ಒಂದು ಸಣ್ಣ ಋಣಚಿಹ್ನೆ ಜಾರಿ, ಏರಬೇಕಾದ ರೇಖೆ ಇಳಿದುಹೋಗಿತ್ತು.

ಸಮೀಕರಣವೂ ರೇಖೆಯೂ ಒಂದೇ ವಸ್ತುವಿನ ಎರಡು ಮುಖಗಳು. ಈ ನಂಟನ್ನು ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ತನ್ನ ರೇಖಾಗಣಿತದ ಗ್ರಂಥದಲ್ಲಿ ತೋರಿಸಿಕೊಟ್ಟನು. ಆದುದರಿಂದಲೇ ಇಲ್ಲಿ ಪರೀಕ್ಷೆ ಸುಲಭ: ಎರಡು ಬಿಂದುಗಳು ಒಪ್ಪಿದರೆ ರೇಖೆ ಒಪ್ಪಿದಂತೆ.

ಇಷ್ಟು ಸುಲಭದ ಪರೀಕ್ಷೆಯನ್ನೂ ಏಕೆ ಯಾರೂ ಮಾಡುವುದಿಲ್ಲ? ಅಚ್ಚಿನ ಮೇಲಿನ ಗೌರವ, ಜೊತೆಗೆ ಸ್ವಲ್ಪ ಸೋಮಾರಿತನ. ಇದು ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಹೆಸರಾಂತ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1964ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಶಾಲೆಗಳಿಗೆ ಗಣಿತದ ಪುಸ್ತಕಗಳನ್ನು ಆರಿಸುವ ಸಮಿತಿಯಲ್ಲಿದ್ದರು. ಪುಸ್ತಕಗಳನ್ನೆಲ್ಲ ತಾವೇ ಓದಿ, ಅವುಗಳಲ್ಲಿದ್ದ ತಪ್ಪುಗಳನ್ನು ಕಂಡು ಅವರು ಸಿಡಿಮಿಡಿಗೊಂಡರು. ಅದಕ್ಕಿಂತ ದೊಡ್ಡ ಅಚ್ಚರಿ ಬೇರೆ ಕಾದಿತ್ತು. ಒಂದು ಪುಸ್ತಕ ಇನ್ನೂ ಸಿದ್ಧವಾಗಿರಲಿಲ್ಲ. ಪ್ರಕಾಶಕರು ರಟ್ಟಿನ ನಡುವೆ ಬರಿಯ ಖಾಲಿ ಹಾಳೆಗಳನ್ನಿಟ್ಟು ಕಳುಹಿಸಿದ್ದರು. ಆ ಖಾಲಿ ಪುಸ್ತಕಕ್ಕೂ ಕೆಲವು ಪರೀಕ್ಷಕರು ಅಂಕಗಳನ್ನು ಕೊಟ್ಟಿದ್ದರೆಂದು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಇದಕ್ಕೆ ವಿರುದ್ಧವಾದ ಮಾದರಿಯೂ ಇದೆ. ಗಣಕವಿಜ್ಞಾನದ ಮಹಾಗ್ರಂಥವನ್ನು ಸಂಪುಟ ಸಂಪುಟವಾಗಿ ಬರೆದ ಡೊನಾಲ್ಡ್ ಕ್ನೂತ್, ತಮ್ಮ ಪುಸ್ತಕದಲ್ಲಿ ತಪ್ಪೊಂದನ್ನು ಮೊದಲು ಹುಡುಕಿಕೊಟ್ಟವರಿಗೆ 2 ಡಾಲರ್ 56 ಸೆಂಟುಗಳ ಬಹುಮಾನವಿಟ್ಟರು. ಅವರ ಕೈಬರಹದ ಚೆಕ್ಕನ್ನು ನಗದಾಗಿಸದೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರು ಅನೇಕರು. ತಪ್ಪನ್ನು ತೋರಿಸಿದವನು ಗ್ರಂಥದ ಶತ್ರುವಲ್ಲ, ಗೆಳೆಯ ಎಂಬುದು ಅಲ್ಲಿನ ಭಾವ.

ಹಾಗೆಂದು ಉತ್ತರ ಹೊಂದದ ಕಡೆಯೆಲ್ಲ ಪುಸ್ತಕವನ್ನೇ ದೂರುವುದು ಸಲ್ಲದು. ಹತ್ತರಲ್ಲಿ ಒಂಬತ್ತು ಸಲ ತಪ್ಪು ತನ್ನದೇ ಆಗಿರಬಹುದು. ಲೆಕ್ಕವನ್ನು ಸರಿಯಾಗಿ ಇಳಿಸಿಕೊಂಡಿದೆಯೇ? ಪಕ್ಷ ಬದಲಾಯಿಸಿದಾಗ ಚಿಹ್ನೆ ಬದಲಾಯಿತೇ? ಪ್ರತಿಯೊಂದು ಪದವನ್ನೂ ಭಾಗಿಸಿದೆಯೇ? ಈ ಮೂರನ್ನೂ ಕೇಳಿಕೊಂಡು, ಎರಡು ಬಿಂದುಗಳ ಸಾಕ್ಷ್ಯವನ್ನೂ ಪಡೆದ ಬಳಿಕವೇ ಪುಸ್ತಕದ ಸರದಿ. ಆಗಲೂ ಬೇಕಾದುದು ಜಗಳವಲ್ಲ. ವಿನಯದಿಂದ ಉಪಾಧ್ಯಾಯರ ಮುಂದಿಡುವ ಒಂದು ಚೀಟಿ.

ಹುಡುಗಿಯ ನೋಟುಪುಸ್ತಕದಲ್ಲಿ ರಬ್ಬರು ತಿಕ್ಕಿದ ಜಾಗದಲ್ಲಿ ಹಳೆಯ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿವೆ. ಅವಳು ಅವುಗಳ ಮೇಲೆಯೇ ಮತ್ತೊಮ್ಮೆ ಬರೆಯುತ್ತಾಳೆ, ಈ ಸಲ ಶಾಯಿಯಲ್ಲಿ. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಸಿಗುವುದು ಎರಡೋ ಮೂರೋ ಅಂಕ. ಆದರೆ ತಾನು ಕಂಡ ನಿಜವನ್ನು ಅಚ್ಚಿನಕ್ಷರಕ್ಕೆ ಹೆದರಿ ಅಳಿಸಬಾರದೆಂಬ ಪಾಠಕ್ಕೆ ಅಂಕ ಕೊಡುವವರಾರು? ಅದನ್ನು ಕೊಡಬೇಕಾದವರು ಮನೆಯ ಹಿರಿಯರೇ.