ರಾತ್ರಿಗೆ ಬೀಗ, ಬಾಟಲಿಗೆ ಬಾಗಿಲು

2020ರ ಡಿಸೆಂಬರ್ 23ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾತ್ರಿ ಕರ್ಫ್ಯೂ ಘೋಷಿಸಿದರು. ಮೊದಲು ಹತ್ತು ಗಂಟೆಯಿಂದ ಎಂದರು, ಆಮೇಲೆ ಹನ್ನೊಂದರಿಂದ ಎಂದಾಯಿತು, ಮರುದಿನ ಸಂಜೆಗೆ ಕರ್ಫ್ಯೂವೇ ರದ್ದು. ಊರೆಲ್ಲ ನಕ್ಕಿತು. ಕ್ರಿಸ್‌ಮಸ್ ವಾರದ ಕಾರ್ಯಕ್ರಮಗಳನ್ನು ನೆಚ್ಚಿಕೊಂಡಿದ್ದ ಕೀಬೋರ್ಡ್ ವಾದಕರಿಗೆ, ಸೌಂಡ್‌ನವರಿಗೆ ಮಾತ್ರ ನಗು ಬಂದಿರಲಾರದು. ಅವರ ಕೆಲಸ ಶುರುವಾಗುವುದೇ ಉಳಿದವರ ಊಟದ ಹೊತ್ತಿಗೆ.

ಕೊರೋನಾ ಕಾಲದ ಆದೇಶಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ಸರ್ಕಾರದ ಕಣ್ಣಿಗೆ ರಾತ್ರಿಯೆಂದರೆ ಬರೀ ಮೋಜು ಎಂಬುದು ಎದ್ದು ಕಾಣುತ್ತದೆ. ಅದೂ ಸಾವಿರಾರು ಜನರ ದುಡಿಮೆಯ ಹೊತ್ತು ಎಂಬ ಲೆಕ್ಕ ಎಲ್ಲೂ ಇಲ್ಲ. ಮದ್ಯದ ಲೆಕ್ಕ ಮಾತ್ರ ಚೆನ್ನಾಗಿಯೇ ಇತ್ತು. 2020ರ ಮೇ 4ರಂದು ಮದ್ಯದಂಗಡಿಗಳು ತೆರೆದವು. ಮೊದಲ ದಿನದ ವಹಿವಾಟೇ ಸುಮಾರು 45 ಕೋಟಿ ರೂಪಾಯಿ. ಪಬ್‌ಗಳಿಗೆ ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ಕ್ಕೆ, ಚಿತ್ರಮಂದಿರಗಳಿಗೆ ಅಕ್ಟೋಬರ್ 15ಕ್ಕೆ, ಅದೂ ಅರ್ಧ ಸೀಟಿಗೆ. ಎರಡನೇ ಅಲೆಯಲ್ಲಂತೂ ಬೆಳಿಗ್ಗೆ ಆರರಿಂದ ಹತ್ತರವರೆಗೆ ಹಾಲು, ತರಕಾರಿಯ ಜತೆ ಮದ್ಯವೂ ಪಾರ್ಸೆಲ್ ಸಿಗುತ್ತಿತ್ತು. ಪಬ್‌ಗಳ ಬಾಗಿಲು ತೆರೆಯಲು 2021ರ ಅಕ್ಟೋಬರ್ 3 ಬರಬೇಕಾಯಿತು. ಕುಡಿತಕ್ಕೆ ಮುಂಜಾನೆಯೂ ಆದೀತು, ಹಾಡಿಗೆ ಸಂಜೆಯೂ ಇಲ್ಲ!

ಭಯ ಸುಳ್ಳಾಗಿರಲಿಲ್ಲ, ನಿಜ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 61 ಮಂದಿ ಒಂದು ಸಂಜೆ ಒಟ್ಟಿಗೆ ಕೂತು ವೃಂದಗಾನದ ಅಭ್ಯಾಸ ಮಾಡಿದರು. ಅವರಲ್ಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ಗಂಟಲು ಬಿಟ್ಟು ಹಾಡುವುದು ಅಪಾಯವೇ. ಆದರೆ ಅದೇ ಕಾರಣಕ್ಕೆ ಬಯಲಿಗೂ ಎ.ಸಿ. ಹಾಲ್‌ಗೂ ಬೇರೆ ಬೇರೆ ನಿಯಮ ಬೇಕಿತ್ತು.

ಬಯಲು ಎಂದಾಗ ಕರಾವಳಿಯ ನೆನಪಾಗಬೇಕು. ನೈಟ್‌ಲೈಫ್ ಎಂದರೆ ಇಂದಿರಾನಗರ, ಕೋರಮಂಗಲ ಎಂದುಕೊಳ್ಳುವವರು ಯಕ್ಷಗಾನ ಮೇಳಗಳನ್ನು ಮರೆಯುತ್ತಾರೆ. ನವೆಂಬರ್ ಸುಮಾರಿಗೆ ತಿರುಗಾಟಕ್ಕೆ ಹೊರಡುವ ಮೇಳಗಳು ಗೆಜ್ಜೆ ಬಿಚ್ಚುವುದು ಮೇ ಕೊನೆಯ ಪತ್ತನಾಜೆಗೆ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಡುವ ಬಣ್ಣದ ವೇಷಧಾರಿಗೂ, ಚೆಂಡೆಯವರಿಗೂ, ರಂಗಸ್ಥಳ ಕಟ್ಟುವವರಿಗೂ ವರ್ಷದ ಗಳಿಕೆಯ ಮುಖ್ಯ ಭಾಗ ಆ ಆರು ತಿಂಗಳದ್ದು. 2020ರ ಲಾಕ್‌ಡೌನ್ ಅದರಲ್ಲಿ ಕೊನೆಯ ಎರಡು ತಿಂಗಳನ್ನು ನುಂಗಿತು.

ಮುಂದಿನ ವರ್ಷದ ಪರಿಹಾರ? 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ. ಫಲಾನುಭವಿಗಳು 16,095, ಒಟ್ಟು ಮೊತ್ತ 4.82 ಕೋಟಿ. ಅಂದರೆ ಹಿಂದಿನ ವರ್ಷ ಮದ್ಯದಂಗಡಿ ತೆರೆದ ಮೊದಲ ದಿನದ ವಹಿವಾಟಿನ ಸುಮಾರು ಹತ್ತನೇ ಒಂದು ಪಾಲು.

ಸಿನಿಮಾದ ಕಥೆಯಲ್ಲಿ ಇನ್ನೊಂದು ತಿರುವಿದೆ. 2021ರ ಏಪ್ರಿಲ್ 1ಕ್ಕೆ ‘ಯುವರತ್ನ’ ತೆರೆಕಂಡಿತು. ಮರುದಿನವೇ ಮತ್ತೆ ಅರ್ಧ ಸೀಟಿನ ಆದೇಶ ಬಂತು. ಪುನೀತ್ ರಾಜ್‌ಕುಮಾರ್ ಮನವಿ ಮಾಡಿದರು, ಚಿತ್ರರಂಗ ದನಿಗೂಡಿಸಿತು, ಏಪ್ರಿಲ್ 7ರವರೆಗೆ ವಿನಾಯಿತಿ ದೊರೆಯಿತು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕಲಾತ್ಮಕ ಚಿತ್ರಗಳಿಗಾಗಿ ಹಾಗೆ ಕೇಳುವ ದೊಡ್ಡ ದನಿ ಇರಲಿಲ್ಲ, ಅಷ್ಟೇ. 2020ರ ಫೆಬ್ರವರಿ-ಮಾರ್ಚ್‌ನಲ್ಲಿ ನಡೆದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಮತ್ತೆ ನಡೆದಿದ್ದು 2022ರ ಮಾರ್ಚ್‌ನಲ್ಲಿ. ಕೇರಳ 2021ರಲ್ಲಿ ಬೇರೆ ದಾರಿ ಹಿಡಿಯಿತು: ಒಂದೇ ಊರಲ್ಲಿ ಜನ ಸೇರುವುದು ಬೇಡವೆಂದು ಉತ್ಸವವನ್ನು ತಿರುವನಂತಪುರ, ಕೊಚ್ಚಿ, ತಲಶ್ಶೇರಿ, ಪಾಲಕ್ಕಾಡ್‌ಗಳಿಗೆ ಹಂಚಿತು. ಗೋವಾದ ಉತ್ಸವ ಅರ್ಧ ಊರಲ್ಲಿ, ಅರ್ಧ ಆನ್‌ಲೈನ್‌ನಲ್ಲಿ ನಡೆಯಿತು. ಅದೇ ಹೊತ್ತಿಗೆ ಕನ್ನಡದ ‘ಪಿಂಕಿ ಎಲ್ಲಿ?’ (2020), ‘ಪೆಡ್ರೊ’ (2021) ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಆಯ್ಕೆಯಾಗಿದ್ದವು. ‘ಪೆಡ್ರೊ’ಗೆ ಅಲ್ಲಿ ಪರದೆ ಸಿಕ್ಕ 2021ರಲ್ಲಿ ನಮ್ಮ ಊರಿನ ಉತ್ಸವಕ್ಕೇ ಬೀಗ.

ಹಾಗೆ ನೋಡಿದರೆ ಲೈವ್ ಸಂಗೀತದ ಕಷ್ಟ ವೈರಾಣುವಿಗಿಂತ ಹಳೆಯದು. 2018ರಲ್ಲೇ ಸಾರ್ವಜನಿಕ ಮನರಂಜನೆಯ ಪರವಾನಗಿ ಇಲ್ಲವೆಂದು ಬೆಂಗಳೂರು ಪೊಲೀಸರು ಪಬ್‌ಗಳ ಬೆನ್ನುಹತ್ತಿದಾಗ ಎಷ್ಟೋ ವೇದಿಕೆಗಳು ಮೌನವಾಗಿದ್ದವು. ಆ ನಿಯಮ ಗಿಟಾರ್ ಹಿಡಿದು ಹಾಡುವವರನ್ನೂ ಕ್ಯಾಬರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು.

ಮುಂದಿನ ಸಾಂಕ್ರಾಮಿಕ ಬರುವ ಮುನ್ನವೇ ಸರ್ಕಾರ ಎರಡು ಕೆಲಸ ಮಾಡಬೇಕು. ಬಯಲಿನ ಹಾಗೂ ನೂರು ಜನರೊಳಗಿನ ಕಾರ್ಯಕ್ರಮಗಳಿಗೆ ಪ್ರತ್ಯೇಕ ಮಾರ್ಗಸೂಚಿ ಬರೆದಿಡಬೇಕು. ರಾತ್ರಿ ದುಡಿಯುವ ಕಲಾವಿದರು, ತಂತ್ರಜ್ಞರ ಪಟ್ಟಿಯೊಂದನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಈಗಲೇ ಸಿದ್ಧಪಡಿಸಬೇಕು. ಬಾಟಲಿಗಳ ಲೆಕ್ಕವನ್ನು ಅಷ್ಟು ಕರಾರುವಾಕ್ಕಾಗಿ ಇಡಬಲ್ಲ ಸರ್ಕಾರಕ್ಕೆ ಇದೇನೂ ಕಷ್ಟದ ಕೆಲಸವಲ್ಲ.