ಮಗುವಿನ ಖರ್ಚು ಹೆಂಗಸರ ಕೇಸಲ್ಲ



ನೈರೋಬಿಯಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ: "ಈ ದೇಶದಲ್ಲಿ ಕಾನೂನು ಅಂತ ಎಲ್ಲಿದೆ ಮಾರಾಯ್ರೆ?" ಟ್ರಾಫಿಕ್ ಪೊಲೀಸರ ಬಗ್ಗೆ ಹೇಳುವುದಾದರೆ ನನ್ನದೇನೂ ತಕರಾರಿಲ್ಲ. ಆದರೆ ಅಪ್ಪ ಅಮ್ಮ ಬೇರೆಯಾದಾಗ, ಅಥವಾ ಅವರು ಮದುವೆಯೇ ಆಗಿರದಿದ್ದಾಗ, ಮಗುವಿನ ಊಟ, ಬಾಡಿಗೆ, ಶಾಲೆ ಫೀಸು ಯಾರ ತಲೆಗೆ ಎಂಬ ಪ್ರಶ್ನೆಯಲ್ಲಿ ಕೆನ್ಯಾ ನಮ್ಮ ಕರ್ನಾಟಕಕ್ಕಿಂತ ಮುಂದಿದೆ. ಹೀಗೆಂದರೆ ಕೆಲವರಿಗೆ ಮೈ ಉರಿಯುತ್ತದೆ. ಉರಿಯಲಿ.

ಇಲ್ಲಿ ಸಬ್-ಕೌಂಟಿ ಮಟ್ಟದಲ್ಲಿ ಸರ್ಕಾರದ ಮಕ್ಕಳ ಅಧಿಕಾರಿ ಇರುತ್ತಾರೆ. ಮಗುವನ್ನು ಸಾಕುತ್ತಿರುವ ತಾಯಿ (ತಂದೆಯೂ ಆಗಬಹುದು) ವಕೀಲರಿಲ್ಲದೆ ನೇರ ಅವರ ಮೇಜಿನ ಮುಂದೆ ಹೋಗಿ ನಿಲ್ಲಬಹುದು. ಮದುವೆಯಾಗಿತ್ತೇ ಇಲ್ಲವೇ ಎಂಬುದರ ಮೇಲೆ ಮಗುವಿನ ಹಕ್ಕು ನಿಂತಿಲ್ಲ. ಅಧಿಕಾರಿ ಇನ್ನೊಬ್ಬರನ್ನು ಕರೆಸಿ, ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ಫೀಸು ಯಾರದು, ಬಾಡಿಗೆ ಯಾರದು, ಆಸ್ಪತ್ರೆ ಖರ್ಚು ಹೇಗೆ, ಮಗುವನ್ನು ಯಾವ ದಿನ ಯಾರು ನೋಡಬೇಕು ಎಂದು ಲೆಕ್ಕ ಹಾಕಿಸಿ, ಬರೆಸಿ, ಸಹಿ ಮಾಡಿಸುತ್ತಾರೆ. ದುಡ್ಡು ಎಂ-ಪೆಸಾದಲ್ಲಿ ಹೋದರೆ "ಕೊಟ್ಟೆ", "ಕೊಡಲಿಲ್ಲ" ಎಂಬ ಜಗಳವೇ ಇಲ್ಲ, ಇಬ್ಬರ ಫೋನಿನಲ್ಲೂ ದಾಖಲೆ. ಇಷ್ಟಕ್ಕೂ ಬಗ್ಗದವರಿಗೆ ಮಕ್ಕಳ ನ್ಯಾಯಾಲಯ ಇದೆ.

ಇದು ಆಕಾಶದಿಂದ ಉದುರಿದ್ದಲ್ಲ. ಮದುವೆಯಾಗದ ತಾಯಿ ತಂದೆಯಿಂದ ಮಗುವಿನ ಖರ್ಚು ಕೇಳಲು 1959ರಲ್ಲಿ ಒಂದು ಕಾನೂನು ಬಂದಿತ್ತು. ಗಂಡಸರೇ ತುಂಬಿದ್ದ ಸ್ವತಂತ್ರ ಕೆನ್ಯಾದ ಪಾರ್ಲಿಮೆಂಟು 1969ರಲ್ಲಿ ಅದನ್ನು ಕಿತ್ತು ಹಾಕಿತು. 2001ರ ಮಕ್ಕಳ ಕಾನೂನೂ ಅಂಥ ಮಗುವಿನ ಹೊಣೆಯನ್ನು ಮೊದಲು ತಾಯಿಯ ಮೇಲೇ ಹೊರಿಸಿತು. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಜಾಗಕ್ಕೆ ಸಾಲಾಗಿ ಗುಣಿಸು ಚಿಹ್ನೆ ಹೊಡೆದು ಕೊಡುತ್ತಿದ್ದರು! ಆಮೇಲೆ 2010ರ ಸಂವಿಧಾನ ಬಂತು. ತಂದೆ ತಾಯಿ ಪರಸ್ಪರ ಮದುವೆಯಾಗಿರಲಿ ಬಿಡಲಿ, ಮಗುವನ್ನು ನೋಡಿಕೊಳ್ಳುವ ಹೊಣೆ ಇಬ್ಬರದೂ ಸಮ ಎಂದು 53ನೇ ವಿಧಿಯಲ್ಲಿ ಬರೆದರು. ಆ ಗುಣಿಸು ಚಿಹ್ನೆಗೆ ಕಾರಣವಾದ ನಿಯಮವನ್ನು 2016ರಲ್ಲಿ ನೈರೋಬಿ ಹೈಕೋರ್ಟ್ ಅಸಾಂವಿಧಾನಿಕ ಎಂದಿತು. 2022ರಲ್ಲಿ ಹೊಸ ಮಕ್ಕಳ ಕಾನೂನೇ ಬಂತು. ತಾಯಂದಿರು ಕೋರ್ಟು ಹತ್ತಿ ಇಳಿದು ಗಳಿಸಿದ್ದು ಇದು.

ಎಲ್ಲ ಸರಿಯಾಗಿದೆಯೇ? ಇಲ್ಲ. ಕಡತ ರಾಶಿ ಬೀಳುತ್ತದೆ, ಕರೆದರೆ ಬಾರದವರಿದ್ದಾರೆ, ಕೆಲಸ ಬದಲಿಸಿ ನಾಪತ್ತೆಯಾಗುವವರಿದ್ದಾರೆ. ಆದರೂ ಬಾಗಿಲು ಅಂತ ಒಂದಿದೆ, ಅದು ಎಲ್ಲಿದೆ ಎಂದು ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೂ ಗೊತ್ತಿದೆ.

ಈಗ ನಮ್ಮೂರಿಗೆ ಬನ್ನಿ. ಕಾಗದದ ಮೇಲೆ ನಾವು ಹಿಂದಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಎರಡೂ ಮದುವೆಯಿಂದ ಹುಟ್ಟಿದ ಮಗು, ಮದುವೆಯ ಹೊರಗೆ ಹುಟ್ಟಿದ ಮಗು ಎಂದು ಭೇದ ಮಾಡುವುದಿಲ್ಲ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದಲ್ಲಿ ಮುಗಿಸಬೇಕು ಎಂದೂ ಇದೆ. (ತಿಂಗಳಿಗೆ 500 ರೂಪಾಯಿ ಮೀರಬಾರದು ಎಂಬ ಮಿತಿ 2001ರವರೆಗೂ ಆ ಕಾನೂನಿನಲ್ಲಿ ಇತ್ತು ಎಂಬುದನ್ನು ಮರೆಯಬೇಡಿ.) 2020ರಲ್ಲಿ ರಜನೇಶ್-ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ಆದಾಯ-ಆಸ್ತಿಯ ಪ್ರಮಾಣಪತ್ರ ಸಲ್ಲಿಸಲೇಬೇಕು ಎಂದು ಹೇಳಿತು.

ಆದರೆ ಮಗುವಿನ ಪರವಾಗಿ ಮೊದಲ ಹೆಜ್ಜೆ ಇಡುವವರು ಯಾರು? ಸರ್ಕಾರ ಅಲ್ಲ. ತಾಯಿಯೇ ವಕೀಲರನ್ನು ಹುಡುಕಬೇಕು, ತಾರೀಖಿನಿಂದ ತಾರೀಖಿಗೆ ಅಲೆಯಬೇಕು, ಗಂಡನ ಸಂಬಳ ಎಷ್ಟೆಂದು ತಾನೇ ಪತ್ತೆ ಹಚ್ಚಬೇಕು. ಆದೇಶ ಬಂದ ಮೇಲೆ ವಸೂಲಿಗೆ ಮತ್ತೊಂದು ಅರ್ಜಿ. ಅದಕ್ಕೂ ಮೊದಲು ಎರಡೂ ಮನೆಯ ಹಿರಿಯರು ಕೂತು "ಹೊಂದಿಕೊಂಡು ಹೋಗಮ್ಮ" ಎಂದು ವರ್ಷ ಕಳೆದಿರುತ್ತಾರೆ. ಮದುವೆಯಾಗದ ತಾಯಿಯ ಪಾಡು ಕೇಳುವುದೇ ಬೇಡ.

ಸರ್ಕಾರ ಏನೂ ಕೊಡುವುದಿಲ್ಲವೇ? ಕೊಡುತ್ತದೆ, ಹೇಗೆಂದು ನೋಡಿ. ಅವಿವಾಹಿತ, ವಿಚ್ಛೇದಿತ ಬಡ ಮಹಿಳೆಯರಿಗೆ ಕರ್ನಾಟಕದ 'ಮನಸ್ವಿನಿ' ಪಿಂಚಣಿ ಇದೆ, ಅದಕ್ಕೆ 40 ವರ್ಷ ತುಂಬಿರಬೇಕು. ಮೂರು ವರ್ಷದ ಮಗುವನ್ನು ಎತ್ತಿಕೊಂಡ 27ರ ತಾಯಿ 13 ವರ್ಷ ಕಾಯಲಿ! ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ವಿಚ್ಛೇದಿತ, ಪರಿತ್ಯಕ್ತ ತಾಯಿಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಉಂಟು. ಪಟ್ಟಣದಲ್ಲಿ ವರ್ಷದ ಆದಾಯ 96,000, ಹಳ್ಳಿಯಲ್ಲಿ 72,000 ದಾಟಿರಬಾರದು. ಅಂದರೆ ತಾಯಿ ಬಡವಿಯಾದರೆ ತೆರಿಗೆದಾರ ಕೊಡುತ್ತಾನೆ. ಲಕ್ಷ ಲಕ್ಷ ಎಣಿಸುವ ತಂದೆಯ ಜೇಬಿಗೆ ಯಾರೂ ಕೈ ಹಾಕುವುದಿಲ್ಲ. ಆಸ್ಟ್ರೇಲಿಯಾ 1988ರಲ್ಲೇ ಈ ವಸೂಲಿಯನ್ನು ತೆರಿಗೆ ಇಲಾಖೆಯ ಕೈಗೆ ಕೊಟ್ಟಿತ್ತು. ಅಮೆರಿಕದಲ್ಲಿ ಬಾಕಿ 2,500 ಡಾಲರ್ ದಾಟಿದರೆ ಪಾಸ್‌ಪೋರ್ಟೇ ಸಿಗುವುದಿಲ್ಲ.

ಪಾಸ್‌ಪೋರ್ಟ್ ಎಂದೊಡನೆ ವಿಷಯ ನಮ್ಮ ಅಂಗಳಕ್ಕೇ ಬಂತು. ನಮ್ಮಲ್ಲೊಬ್ಬ ಶಿವಮೊಗ್ಗದಲ್ಲಿ ಹೆಂಡತಿ ಮಗುವನ್ನು ಬಿಟ್ಟು ಇಲ್ಲಿಗೆ ಬಂದು ದುಡ್ಡು ನಿಲ್ಲಿಸಿದ ಅನ್ನಿ. ಅಥವಾ ಇಲ್ಲಿಯ ಹೆಣ್ಣಿನಿಂದ ಮಗುವನ್ನು ಪಡೆದು, ಕಾಂಟ್ರಾಕ್ಟ್ ಮುಗಿದ ಮಾರನೇ ದಿನ ಬೆಂಗಳೂರಿನ ವಿಮಾನ ಹತ್ತಿದ ಅನ್ನಿ. ಎರಡೂ ಕಡೆ ಆ ತಾಯಿಯ ಕೈಗೆ ಸಿಗುವುದು ಆಫ್ ಆದ ಫೋನ್ ನಂಬರ್. ಮಕ್ಕಳ ಖರ್ಚನ್ನು ಗಡಿ ದಾಟಿ ವಸೂಲು ಮಾಡಲೆಂದೇ 2007ರಲ್ಲಿ ಹೇಗ್ ಒಪ್ಪಂದ ಆಯಿತು, ಭಾರತ ಅದಕ್ಕೆ ಸೇರಿಲ್ಲ. ಅನಿವಾಸಿಗಳ ಮದುವೆ ನೋಂದಣಿಯ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂದು ಸಮಿತಿಗೆ ಹೋಗಿ ಕೂತಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅವರ ಕಾನೂನು ಆಯೋಗ, ಮಕ್ಕಳ ಪೋಷಣೆಯನ್ನೂ ಸೇರಿಸಿ ಸಮಗ್ರ ಕಾನೂನು ಬೇಕೆಂದು 2024ರ ಫೆಬ್ರವರಿಯಲ್ಲಿ ತನ್ನ 287ನೇ ವರದಿಯಲ್ಲಿ ಹೇಳಿತು.

"ಮಗುವನ್ನು ನೋಡಲೂ ಬಿಡುವುದಿಲ್ಲ, ದುಡ್ಡು ಯಾಕೆ ಕೊಡಲಿ?" ಎಂದು ಕೇಳುವ ಗೆಳೆಯರಿದ್ದಾರೆ. ನೋಡುವ ಹಕ್ಕಿಗೆ ಹೋರಾಡಿ, ನಾನೂ ಜೊತೆಗಿರುತ್ತೇನೆ. ಇಲ್ಲಿಯ ಒಪ್ಪಂದ ಪತ್ರದಲ್ಲಿ ಅದಕ್ಕೂ ಒಂದು ಸಾಲು ಇರುತ್ತದೆ. ಆದರೆ ಭೇಟಿಯ ಜಗಳ ಮುಗಿಯುವವರೆಗೆ ಮಗು ಹಸಿದಿರಬೇಕೆ?

ಕರ್ನಾಟಕದಲ್ಲಿ ಹೊಸ ಇಲಾಖೆ ಕಟ್ಟುವುದೇ ಬೇಡ. ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಇದ್ದಾರೆ, ಪ್ರತಿ ಜಿಲ್ಲೆಗೆ ಮಕ್ಕಳ ರಕ್ಷಣಾ ಘಟಕ ಇದೆ. ಅವರಿಗೆ ತಂದೆ ತಾಯಿಯನ್ನು ಕರೆಸುವ ಅಧಿಕಾರ ಕೊಡಿ, ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಪತ್ರ ಕೊಡಿ, ಅದು ಮುರಿದರೆ ಅಧಿಕಾರಿಯೇ ಕೋರ್ಟಿಗೆ ಕಳಿಸಲಿ, ಹಣ ಸಂಬಳದಿಂದಲೇ ಕಡಿತವಾಗಲಿ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಕಳಿಸುವ ಪತ್ರದ ಕರಡು ತಯಾರಾಗುತ್ತಿದೆ. ಕಾನೂನು ಬಲ್ಲವರು ತಿದ್ದಿಕೊಡಿ. ಸಹಿ ಹಾಕುವವರು ಹೆಸರು, ಈಗಿನ ದೇಶ, ಹುಟ್ಟಿದ ತಾಲ್ಲೂಕು ಬರೆದು ಈ ಮಿಂಚೆಗೆ ಉತ್ತರಿಸಿ. ತಾಲ್ಲೂಕಿನ ಹೆಸರು ಬಿಡಬೇಡಿ, ಪತ್ರ ಆಯಾ ಕ್ಷೇತ್ರದ ಶಾಸಕರಿಗೂ ಹೋಗಬೇಕು.